ಪಾರ್ಕು ಯಾರದ್ದು, ಮೈದಾನ ಯಾರಿಗೆ? ನಮ್ಮ ಬಡಾವಣೆಯ ಪಾಳುಬಿದ್ದ ಜಾಗಗಳ ಬಗ್ಗೆ ಒಂದು ಮಾತುಕತೆ

ಎಂಟನೇ ಕ್ರಾಸ್ ಅಜ್ಜಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಹೊರವಲಯದ ಈ ಬಡಾವಣೆಗೆ ನಾವು ಬಂದು ಹದಿನೇಳು ವರ್ಷವಾಯಿತು. ಸೈಟು ಕೊಳ್ಳುವಾಗ ಸೊಸೈಟಿಯವರು ಮೇಜಿನ ಮೇಲೆ ಹರಡಿ ತೋರಿಸಿದ ನಕ್ಷೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹಸಿರು ಬಳಿದ ಮೂರು ಚೌಕ, ಮೂರು ಪಾರ್ಕು. ಪಕ್ಕದಲ್ಲಿ ಉದ್ದಕ್ಕೆ ಒಂದು ಆಟದ ಮೈದಾನ. ಆ ಹಸಿರು ನೋಡಿಯೇ ನಮ್ಮ ಯಜಮಾನರು ಹೂಂ ಅಂದಿದ್ದು.

ಮೊನ್ನೆ ಮೊಮ್ಮಗನನ್ನು ನೀರಿನ ಟ್ಯಾಂಕಿನ ಪಕ್ಕದ ಪಾರ್ಕಿಗೆ ಕರೆದುಕೊಂಡು ಹೋಗಿದ್ದೆ. ಗೇಟಿನ ಒಂದು ಬಾಗಿಲು ಇಲ್ಲ. ಉಯ್ಯಾಲೆಯ ಹಲಗೆ ಹೋಗಿ ಬರೀ ಸರಪಳಿ ನೇತಾಡುತ್ತಿದೆ. ಜಾರುಬಂಡೆಯ ತಗಡು ತುದಿಯಲ್ಲಿ ತುಕ್ಕು ಹಿಡಿದು ಹರಿದಿತ್ತು, ಮಗುವಿನ ಹಿಮ್ಮಡಿ ಸೀಳಿತು. ಮೂರು ಹೊಲಿಗೆ, ಒಂದು ಟಿಟಿ ಇಂಜೆಕ್ಷನ್. ಮಗು ಅತ್ತು ಸುಮ್ಮನಾಯಿತು, ನನಗೆ ಇನ್ನೂ ಸಮಾಧಾನವಾಗಿಲ್ಲ. ಆ ಜಾರುಬಂಡೆ ಹಾಗಾಗುವುದನ್ನು ವರ್ಷಗಟ್ಟಲೆ ನೋಡಿಕೊಂಡು ಪಕ್ಕದಲ್ಲೇ ಓಡಾಡಿದವಳು ನಾನೂ ಒಬ್ಬಳು.

ಮೈದಾನದ ಕಥೆ ಎಲ್ಲರಿಗೂ ಗೊತ್ತು. ಮನೆ ಒಡೆದ ಕಲ್ಲುಮಣ್ಣೆಲ್ಲ ಅಲ್ಲೇ ಬೀಳುತ್ತದೆ. ಸಂಜೆಯಾದರೆ ಬಾಟಲಿ. ಮಕ್ಕಳು ಮುಖ್ಯರಸ್ತೆಯಲ್ಲಿ ಟಿಪ್ಪರ್‌ಗಳ ನಡುವೆ ಕ್ರಿಕೆಟ್ ಆಡುತ್ತಾರೆ.

ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಭಾನುವಾರ ನಾಲ್ಕು ಜನ ಸೇರಿ ಕಳೆ ಕೀಳೋಣ ಅಂತಿದ್ದೇನೆ. ಯಾರು ಬರುತ್ತೀರಿ? ಇದರಲ್ಲಿ ಅನುಭವ ಇರುವವರು ದಾರಿ ಹೇಳಿ.

ನಿವೃತ್ತ ಭೂಮಾಪಕ

ಅಮ್ಮ, ಭಾನುವಾರ ಬರುತ್ತೇನೆ, ಕುಡುಗೋಲೂ ತರುತ್ತೇನೆ. ಆದರೆ ಕಳೆಗಿಂತ ಮೊದಲು ಕಾಗದ ನೋಡಬೇಕು. ಮೂವತ್ತೆರಡು ವರ್ಷ ಸರಪಳಿ ಹಿಡಿದು ಜಮೀನು ಅಳೆದವನು ನಾನು. ಪಾರ್ಕು ಹಾಳಾಗುವುದಕ್ಕೆ ಜನರ ಆಲಸ್ಯವೊಂದೇ ಕಾರಣವಲ್ಲ. ಬಹಳ ಕಡೆ ಆ ಜಾಗ ಕಾಗದದ ಮೇಲೆ ಯಾರ ಕೈಯಲ್ಲೂ ಇರುವುದಿಲ್ಲ.

ಖಾಸಗಿಯವರೋ ಗೃಹನಿರ್ಮಾಣ ಸಂಘವೋ ಬಡಾವಣೆ ಮಾಡಿದರೆ ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ ನಿವೇಶನ ಎಲ್ಲವನ್ನೂ ಪರಿತ್ಯಾಜನಾ ಪತ್ರದ ಮೂಲಕ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಬಿಟ್ಟುಕೊಡಬೇಕು. ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗಬೇಕು. ಆಮೇಲೆ ಪ್ರಾಧಿಕಾರವು ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಹಸ್ತಾಂತರ ಮಾಡಬೇಕು. ಈ ಎರಡು ಮೆಟ್ಟಿಲಲ್ಲಿ ಒಂದು ತಪ್ಪಿದರೂ ಪಾರ್ಕು ಅನಾಥ. ಸ್ಥಳೀಯ ಸಂಸ್ಥೆಯವರು ‘ನಮ್ಮ ಪಟ್ಟಿಯಲ್ಲಿಲ್ಲ’ ಅನ್ನುತ್ತಾರೆ, ಸೊಸೈಟಿಯವರು ‘ನಾವು ಬಿಟ್ಟಾಯಿತು’ ಅನ್ನುತ್ತಾರೆ. ಅನುದಾನ ತರುತ್ತೇನೆ ಅಂದ ಶಾಸಕರೂ ಸಂಸದರೂ ಇಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ಇದ್ದರೂ ಅದನ್ನು ಖಾಸಗಿ ಹೆಸರಿನ ಜಾಗದ ಮೇಲೆ ಸುರಿಯುವಂತಿಲ್ಲ.

ಹಾಗಾಗಿ ಮೊದಲ ಕೆಲಸ ಮಾಹಿತಿ ಹಕ್ಕಿನ ಅರ್ಜಿ. 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು. ಬಹಳ ಜನ ಎಲ್ಲ ದೂರನ್ನೂ ಒಂದರಲ್ಲೇ ತುಂಬಿ ಅರ್ಜಿ ತಿರಸ್ಕಾರವಾಗುವಂತೆ ಮಾಡಿಕೊಳ್ಳುತ್ತಾರೆ. ನಮಗೆ ಬೇಕಾದದ್ದು ಅನುಮೋದಿತ ಬಡಾವಣೆ ನಕ್ಷೆಯ ದೃಢೀಕೃತ ಪ್ರತಿ. ಇನ್ನೊಂದು ಅರ್ಜಿಯಲ್ಲಿ ಪರಿತ್ಯಾಜನಾ ಪತ್ರದ ಪ್ರತಿ. 30 ದಿನದಲ್ಲಿ ಉತ್ತರ ಬರಬೇಕು, ಬಾರದಿದ್ದರೆ ಮೊದಲ ಮೇಲ್ಮನವಿ.

ನಕ್ಷೆ ಬಂದ ಮೇಲೆ ಹದ್ದುಬಸ್ತು, ಅಂದರೆ ಗಡಿ ಗುರುತಿಸುವ ಅಳತೆ ಮಾಡಿಸೋಣ. ಮೈದಾನದ ಪಶ್ಚಿಮದ ಬೇಲಿ ಒಳಗೆ ಸರಿದಂತೆ ನನ್ನ ಕಣ್ಣಿಗೆ ಕಾಣುತ್ತದೆ. ಅಳೆಯದೆ ಯಾರ ಮೇಲೂ ಬೊಟ್ಟು ಮಾಡಬಾರದು.

ಎಂಟನೇ ಕ್ರಾಸ್ ಅಜ್ಜಿ

ಇಷ್ಟು ವರ್ಷ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ. ಅರ್ಜಿ ನನ್ನ ಹೆಸರಲ್ಲೇ ಹಾಕಿ. ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಾಗದ ಕೇಳಿದವಳು, ಇನ್ನೊಂದು ಕೇಳುತ್ತೇನೆ.

ಬೆಳಗಿನ ವಾಯುವಿಹಾರಿ

ಒಳ್ಳೆಯ ಕೆಲಸ, ನನ್ನ ಕಡೆಯಿಂದ ಐದು ಸಾವಿರ. ನನ್ನ ಸಲಹೆ ಇಷ್ಟೆ: ಸುತ್ತ ಪೇವರ್ ಹಾಕಿದ ನಡಿಗೆ ಪಥ, ನಡುವೆ ಹುಲ್ಲುಹಾಸು, ಓಪನ್ ಜಿಮ್. ಬೆಳಿಗ್ಗೆ 5ರಿಂದ 9, ಸಂಜೆ 4ರಿಂದ 8 ತೆರೆದಿಟ್ಟು ಉಳಿದ ಹೊತ್ತು ಬೀಗ. ಬೀಗ ಇಲ್ಲದ ಪಾರ್ಕು ಒಂದು ತಿಂಗಳೂ ಉಳಿಯುವುದಿಲ್ಲ. ಕುಡುಕರು, ಜೋಡಿಗಳು, ಬೀದಿನಾಯಿಗಳು, ಎಲ್ಲವನ್ನೂ ನೋಡಿದ್ದೇನೆ. ಚೆಂಡಾಟಕ್ಕೆ ಪಾರ್ಕಿನೊಳಗೆ ಅವಕಾಶ ಬೇಡ. ಕಳೆದ ವರ್ಷ ನನ್ನ ಕನ್ನಡಕ ಒಡೆದಿದ್ದು ಟೆನಿಸ್ ಚೆಂಡಿನಿಂದಲೇ.

ಇಬ್ಬರು ಹೆಣ್ಣುಮಕ್ಕಳ ತಾಯಿ

ಸಾರ್, ನಿಮ್ಮ ಕನ್ನಡಕದ ಬಗ್ಗೆ ಬೇಸರವಿದೆ. ಆದರೆ ಮಧ್ಯಾಹ್ನ ಬೀಗ ಹಾಕಿದರೆ ಮನೆಗೆಲಸ ಮುಗಿಸಿ ಎರಡು ಗಂಟೆಗೆ ಅಡ್ಡರಸ್ತೆಯ ಮೋರಿ ಮೇಲೆ ಕೂತು ಬುತ್ತಿ ಬಿಚ್ಚುವ ಹೆಂಗಸರಿಗೆ ನೆರಳು ಎಲ್ಲಿ? ರಜೆಯಲ್ಲಿ ಮಕ್ಕಳು ಎಲ್ಲಿಗೆ ಹೋಗಬೇಕು?

ನನ್ನ ದೊಡ್ಡ ಮಗಳಿಗೆ ಹನ್ನೆರಡು. ಎಂಟು ವರ್ಷದವರೆಗೂ ಮೈದಾನದಲ್ಲಿ ಲಗೋರಿ, ಕುಂಟೆಬಿಲ್ಲೆ ಆಡುತ್ತಿದ್ದಳು. ಈಗ ಹೋಗುವುದಿಲ್ಲ. ಯಾಕೆ ಅಂತ ಕೇಳಿದೆ. ದೀಪ ಇಲ್ಲ, ಶೌಚಾಲಯ ಇಲ್ಲ, ಗೋಡೆ ಎತ್ತರ ಇರುವುದರಿಂದ ಒಳಗೆ ಯಾರಿದ್ದಾರೆ ಅಂತ ಹೊರಗಿನಿಂದ ಕಾಣುವುದಿಲ್ಲ ಅಂದಳು. ಮೂರನೆಯದನ್ನು ನಾನು ಯೋಚಿಸಿಯೇ ಇರಲಿಲ್ಲ. ಭದ್ರತೆಗೆ ಅಂತ ಕಟ್ಟಿದ ಆರಡಿ ಗೋಡೆಯೇ ಹೆಣ್ಣುಮಕ್ಕಳನ್ನು ಹೊರಗಿಟ್ಟಿದೆ. ಗೋಡೆಯನ್ನು ಎರಡಡಿಗೆ ಇಳಿಸಿ ಮೇಲೆ ಕಬ್ಬಿಣದ ಜಾಲರಿ ಹಾಕಿದರೆ ರಸ್ತೆಯಲ್ಲಿ ಹೋಗುವ ಪ್ರತಿಯೊಬ್ಬರ ಕಣ್ಣೂ ಒಳಗೆ ಬೀಳುತ್ತದೆ. ಕುಡಿಯುವವರಿಗೂ ಅಂಥ ಜಾಗ ಹಿಡಿಸುವುದಿಲ್ಲ.

ದೈಹಿಕ ಶಿಕ್ಷಕ, ಹನ್ನೊಂದನೇ ಮುಖ್ಯರಸ್ತೆ

ಈ ತಾಯಿಯ ಮಾತನ್ನು ಎಲ್ಲರೂ ಎರಡು ಸಲ ಓದಿ.

ಮೈದಾನದ ಬಗ್ಗೆ ನನಗೆ ಒಂದೇ ಭಯ. ‘ಅಭಿವೃದ್ಧಿ’ ಅಂತ ಶುರುವಾದರೆ ಅದು ಪಾರ್ಕಾಗಿಬಿಡುತ್ತದೆ. ಹುಲ್ಲು ಹಾಕುತ್ತಾರೆ, ಹುಲ್ಲು ಹಾಳಾಗುತ್ತದೆ ಅಂತ ಫಲಕ ಹಾಕುತ್ತಾರೆ, ಆಮೇಲೆ ಮಕ್ಕಳನ್ನು ಓಡಿಸುತ್ತಾರೆ. ನಾನು ಕೆಲಸ ಮಾಡಿದ ಎರಡು ಊರಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಆಟಕ್ಕೆ ಮಣ್ಣು ಬೇಕು, ಹುಲ್ಲುಹಾಸು ಬೇಡ.

ನಮ್ಮ ಮೈದಾನವನ್ನು ಹೆಜ್ಜೆಯಲ್ಲಿ ಅಳೆದು ನೋಡಿದೆ. ಖೋ ಖೋ ಅಂಕಣಕ್ಕೆ 27 ಮೀಟರ್ ಉದ್ದ, 16 ಮೀಟರ್ ಅಗಲ ಬೇಕು. ವಾಲಿಬಾಲಿಗೆ 18ಕ್ಕೆ 9. ಕಬಡ್ಡಿಗೆ 13ಕ್ಕೆ 10, ಹೆಣ್ಣುಮಕ್ಕಳ ಕಬಡ್ಡಿಗೆ 12ಕ್ಕೆ 8. ಕಲ್ಲುಮಣ್ಣು ತೆಗೆದರೆ ಇಷ್ಟೂ ಹಿಡಿಸಿ, ಚಿಕ್ಕವರ ಕ್ರಿಕೆಟ್ಟಿಗೂ ಜಾಗ ಉಳಿಯುತ್ತದೆ. ಖರ್ಚು ಅಂದರೆ ಜೆಸಿಬಿಯ ಬಾಡಿಗೆ, ಕೆಲವು ಲೋಡು ಜರಡಿ ಹಿಡಿದ ಕೆಮ್ಮಣ್ಣು, ರೋಲರ್, ಸುಣ್ಣ. ನೀರು ನಿಲ್ಲದ ಹಾಗೆ ನಡುವಿನಿಂದ ಅಂಚಿಗೆ ಸ್ವಲ್ಪ ಇಳಿಜಾರು ಕೊಡಬೇಕು, ಇದನ್ನು ಮರೆತರೆ ಜೂನಿನಿಂದ ಅಕ್ಟೋಬರಿನವರೆಗೆ ಕೆಸರುಗದ್ದೆ. ಗಾಜಿನ ಚೂರುಗಳ ಬಗ್ಗೆ ಮಾತ್ರ ಆತುರ ಬೇಡ. ಮೇಲಿನ ಅರ್ಧ ಅಡಿ ಮಣ್ಣನ್ನು ಪೂರ್ತಿ ಜರಡಿ ಹಿಡಿಯದೆ ಬರಿಗಾಲಲ್ಲಿ ಮಕ್ಕಳನ್ನು ಬಿಡಬಾರದು.

ಹಳೇ ಮೈಸೂರಿನ ಗರಡಿಮನೆಗಳಲ್ಲಿ ಅಖಾಡದ ಮಣ್ಣನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಗೊತ್ತಿದ್ದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ಕೆದಕಿ, ಹದ ಮಾಡಿ, ಕೈಮುಗಿದು ಒಳಗೆ ಇಳಿಯುತ್ತಾರೆ. ಮೈದಾನದ ಮಣ್ಣಿಗೂ ಅಂಥದೇ ಆರೈಕೆ ಬೇಕು.

ಇನ್ನೊಂದು ಮಾತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ನಮ್ಮದೇ ಜಿಲ್ಲೆಯ, ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಇದ್ದರು. ಆ ಹಳ್ಳಿಯ ಮಕ್ಕಳಿಗೆ ಮಣ್ಣಿನ ಅಂಕಣ ಸಿಕ್ಕಿತು. ನಮ್ಮ ಬಡಾವಣೆಯ ಮಕ್ಕಳಿಗೆ ಯಾಕೆ ಸಿಗಬಾರದು?

ಬೆಳಗಿನ ವಾಯುವಿಹಾರಿ

ಮೈದಾನ ಮೈದಾನವಾಗಿಯೇ ಇರಲಿ, ಒಪ್ಪಿದೆ. ಪಾರ್ಕಿನ ಬೀಗದ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ರಾತ್ರಿ ಎಂಟರ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು, ಯಾರಾದರೂ ಹೇಳಿ.

ಸಸ್ಯಶಾಸ್ತ್ರದ ಮೇಡಂ

ಭಾನುವಾರ ಕಳೆ ಕೀಳುವವರಿಗೆ ಕೆಲವು ಎಚ್ಚರಿಕೆ. ಆ ಪಾರ್ಕಿನ ಮುಕ್ಕಾಲು ಭಾಗ ಇರುವುದು ಪಾರ್ಥೇನಿಯಂ, ನಾವೆಲ್ಲ ಕಾಂಗ್ರೆಸ್ ಗಿಡ ಅನ್ನುವುದು. ಬರಿಗೈಯಲ್ಲಿ ಮುಟ್ಟಬೇಡಿ. ಚರ್ಮ ಕೆರೆತ, ಉಬ್ಬಸ ಎರಡನ್ನೂ ತರುತ್ತದೆ. ಗ್ಲೌಸು, ಮಾಸ್ಕು, ತುಂಬುತೋಳಿನ ಅಂಗಿ ಕಡ್ಡಾಯ, ಆಸ್ತಮಾ ಇರುವವರು ಬರುವುದೇ ಬೇಡ. ಕುಡುಗೋಲಿನಿಂದ ಕೊಯ್ದರೆ ಬುಡದಿಂದ ಮತ್ತೆ ಚಿಗುರುತ್ತದೆ. ಮಳೆ ಬಿದ್ದ ಮರುದಿನ, ನೆಲ ಮೆತ್ತಗಿರುವಾಗ, ಬಿಳಿ ಹೂ ಬಿಡುವ ಮುಂಚೆ ಬೇರುಸಹಿತ ಕೀಳಬೇಕು. ಹೂ ಬಿಟ್ಟ ಮೇಲೆ ಒಂದೊಂದು ಗಿಡವೂ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ, ಆಮೇಲೆ ಕಿತ್ತು ಎಳೆದಾಡಿದರೆ ನಾವೇ ಬಿತ್ತಿದ ಹಾಗೆ.

ಎಲೆಗಳ ಮೇಲೆ ಬಿಳಿ ರೆಕ್ಕೆಯ ಮೇಲೆ ಕಂದು ಗೆರೆಗಳಿರುವ ಸಣ್ಣ ದುಂಬಿ ಕಂಡರೆ ಕೊಲ್ಲಬೇಡಿ. ಇದನ್ನು ತಿನ್ನಲೆಂದೇ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ದುಂಬಿಯ ಸಂತತಿ ಅದು. ನಮ್ಮ ಪರವಾಗಿ ಕೆಲಸ ಮಾಡುತ್ತಿದೆ.

ಮರಗಳ ವಿಷಯ. ಆ ಪಾರ್ಕಿನಲ್ಲಿ ಎರಡು ಹೊಂಗೆ, ಒಂದು ನೇರಳೆ, ಒಂದು ಗಸಗಸೆ ಹಣ್ಣಿನ ಮರ ತಾವಾಗಿಯೇ ಉಳಿದುಕೊಂಡಿವೆ. ಯಾರೂ ನೀರು ಹಾಕದೆ ಇಷ್ಟು ವರ್ಷ ಬದುಕಿವೆ ಅಂದರೆ ಆ ಮಣ್ಣಿಗೆ ಯಾವುದು ಒಗ್ಗುತ್ತದೆ ಅಂತ ಅವೇ ಹೇಳುತ್ತಿವೆ. ಹೊಸದಾಗಿ ನೆಡುವುದಾದರೆ ಹೊಂಗೆ, ಬೇವು, ಸಂಪಿಗೆ, ನೆಲ್ಲಿ ಆರಿಸಿ. ಪೇವರ್ ಹಾಕುವುದೇ ಆದರೆ ಪ್ರತಿ ಮರದ ಬುಡದ ಸುತ್ತ ಒಂದು ಮೀಟರ್ ಮಣ್ಣು ಬಿಡಿ. ‘ಕಸ ಬೀಳುತ್ತದೆ’ ಅಂತ ಕೊಂಬೆ ಕಡಿಯುವ ಮಾತು ಬಂದರೆ ನೆನಪಿರಲಿ, 1976ರ ಮರ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿಯ ಅನುಮತಿ ಇಲ್ಲದೆ ಮರ ಕಡಿಯುವಂತಿಲ್ಲ. ಉದುರಿದ ಎಲೆಗೆ ಬೆಂಕಿ ಹಚ್ಚುವಂತೆಯೂ ಇಲ್ಲ. ಮೂಲೆಯಲ್ಲಿ ತಂತಿಬಲೆಯ ಒಂದು ಗೂಡು ಮಾಡಿ ಎಲೆ ತುಂಬಿ, ಆಗಾಗ ನೀರು ಚಿಮುಕಿಸಿ, ನಡುನಡುವೆ ಹಳೇ ಗೊಬ್ಬರವನ್ನೋ ಸಗಣಿ ನೀರನ್ನೋ ಹಾಕಿದರೆ ಕೆಲವು ತಿಂಗಳಲ್ಲಿ ಗೊಬ್ಬರ. ಅದೇ ಮಣ್ಣಿಗೆ ವಾಪಸ್ಸು.

ನೀರಿಗೆ ಏನು ಮಾಡುತ್ತೀರಿ ಅನ್ನುವುದೇ ನನಗೆ ಉಳಿದ ಪ್ರಶ್ನೆ. ಕೊಳವೆಬಾವಿ ಇತ್ತಲ್ಲ?

ಮಾಲಿಯ ಮಗ

ಮೇಡಂ, ಇತ್ತು. ನಮ್ಮಪ್ಪ ಆ ಪಾರ್ಕಿನ ಮಾಲಿ ಆಗಿದ್ದರು. ಗುತ್ತಿಗೆ ಮುಗಿದ ಮೇಲೆ ನವೀಕರಿಸಲಿಲ್ಲ, ಮೂರು ತಿಂಗಳ ಸಂಬಳ ಬಾಕಿ ಉಳಿಯಿತು. ಆದರೂ ನಾಲ್ಕಾರು ತಿಂಗಳು ಸೈಕಲ್ಲಿನಲ್ಲಿ ಬಂದು ನೀರು ಬಿಟ್ಟು ಹೋಗುತ್ತಿದ್ದರು. ಆ ಹೊಂಗೆಗಳನ್ನು ನೆಟ್ಟಿದ್ದು ಅವರೇ. ನಾನಾಗ ಐದನೇ ಕ್ಲಾಸು, ಪಾತಿ ಮಾಡಿದ್ದು ನಾನು.

ಕೊಳವೆಬಾವಿಯ ಬಾಯಿ ಪಂಪ್‌ಮನೆಯ ಹಿಂದೆ ಕಲ್ಲುಚಪ್ಪಡಿಯ ಕೆಳಗಿದೆ. ಅಲ್ಲಿಂದ ಪೈಪು ಪೂರ್ವದ ಗೋಡೆ ಉದ್ದಕ್ಕೂ ಹೋಗಿ ಉಯ್ಯಾಲೆಯ ಹತ್ತಿರ ಎರಡಾಗುತ್ತದೆ. ಗೇಟ್‌ವಾಲ್ವ್ ಮಣ್ಣಲ್ಲಿ ಒಂದಡಿ ಕೆಳಗಿದೆ. ಜೆಸಿಬಿ ತರುವ ಮುಂಚೆ ನನ್ನನ್ನು ಕರೆಯಿರಿ, ತೋರಿಸುತ್ತೇನೆ. ಇಲ್ಲದಿದ್ದರೆ ಪೈಪೆಲ್ಲ ಕಿತ್ತುಬರುತ್ತದೆ.

ಒಂದು ವಿನಂತಿ. ಯಾವ ಲೆಕ್ಕ ಹಾಕಿದರೂ ಮಾಲಿಯ ಸಂಬಳವನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಉಯ್ಯಾಲೆ, ಜಿಮ್ಮು, ಫಲಕ ಆಮೇಲೆ. ಗಿಡ ನೆಡುವ ದಿನ ನೂರು ಜನ ಬರುತ್ತಾರೆ. ಏಪ್ರಿಲ್‌ನಲ್ಲಿ ಬರುವವನು ಮಾಲಿ ಒಬ್ಬನೇ.

ಎಂಟನೇ ಕ್ರಾಸ್ ಅಜ್ಜಿ

ಮಗು, ನಿಮ್ಮ ತಂದೆ ನನಗೆ ಚೆನ್ನಾಗಿ ನೆನಪಿದ್ದಾರೆ. ನಮ್ಮ ಮನೆಯ ದಾಸವಾಳದ ಕಡ್ಡಿ ಕೊಟ್ಟವರು ಅವರೇ. ಸಂಬಳ ಬಾಕಿ ಇದ್ದದ್ದು ಗೊತ್ತಿರಲಿಲ್ಲ, ಕೇಳಬೇಕಿತ್ತು. ಲೆಕ್ಕದ ಮೊದಲ ಸಾಲು ನೀವು ಹೇಳಿದ ಹಾಗೇ ಬರೆಯುತ್ತೇನೆ.

ಜರ್ಮನಿಯಲ್ಲಿರುವ ನಾಲ್ಕನೇ ಕ್ರಾಸಿನವನು

ಅದೇ ಮೈದಾನದಲ್ಲಿ ಬೆಳೆದವನು, ಈಗ ಹನ್ನೊಂದು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಹಣ ಕಳಿಸುತ್ತೇನೆ. ಅದರ ಜೊತೆಗೆ ಇಲ್ಲಿ ನನ್ನ ಮಗಳನ್ನು ಕರೆದೊಯ್ಯುವ ಆಟದಂಗಳದಿಂದ ಕಲಿತದ್ದೊಂದನ್ನು ಹೇಳಬೇಕು. ಆಟದ ಸಾಮಾನಿಗಿಂತ ಅದರ ಕೆಳಗಿನ ನೆಲಕ್ಕೆ ಇಲ್ಲಿ ಹೆಚ್ಚು ಗಮನ ಕೊಡುತ್ತಾರೆ. ಯುರೋಪಿನ ಆಟದ ಸಾಮಾನಿನ ಮಾನದಂಡ ಇಎನ್ 1176ರಲ್ಲಿ ಮಗು ಎಷ್ಟು ಎತ್ತರದಿಂದ ಬೀಳಬಹುದೋ ಅದಕ್ಕೆ ತಕ್ಕ ಹಾಗೆ ನೆಲ ಇರಬೇಕು. 2 ಮೀಟರ್ ಎತ್ತರದವರೆಗೆ 20 ಸೆಂಟಿಮೀಟರ್ ಮರಳು, ಕಾಲಿನಿಂದ ಚದುರುವುದಕ್ಕೆ ಇನ್ನೂ 10 ಸೇರಿಸಿ, ಅಂದರೆ ಹೆಚ್ಚುಕಡಿಮೆ ಒಂದಡಿ. ತೊಳೆದ ಮರಳೇ ಆಗಬೇಕು, ಪುಡಿ ಸೇರಿದ್ದರೆ ಗಟ್ಟಿಯಾಗಿ ಕಾಂಕ್ರೀಟಿನ ಹಾಗಾಗುತ್ತದೆ. ನಮ್ಮಲ್ಲಿ ಉಯ್ಯಾಲೆಯ ಕೆಳಗೆ ಪೇವರ್ ಹಾಕಿದ್ದನ್ನು ಹೋದ ಸಲ ಬಂದಾಗ ಬೇರೊಂದು ಬಡಾವಣೆಯಲ್ಲಿ ನೋಡಿದೆ. ಎದೆ ಝಲ್ಲೆಂದಿತು. ದಯವಿಟ್ಟು ಅದು ಬೇಡ. ಜಾರುಬಂಡೆ ತಗಡಿನದ್ದಾದರೆ ಮರದ ನೆರಳಲ್ಲೋ ಉತ್ತರಕ್ಕೆ ಮುಖ ಮಾಡಿಯೋ ನಿಲ್ಲಿಸಿ, ಮಧ್ಯಾಹ್ನ ತೊಡೆ ಸುಡುವುದಿಲ್ಲ.

ಇಲ್ಲಿನ ಅನೇಕ ಊರುಗಳಲ್ಲಿ ಅಕ್ಕಪಕ್ಕದವರೇ ಆಟದಂಗಳದ ಪಾಲಕರಾಗಿ ಹೆಸರು ಕೊಡುತ್ತಾರೆ. ವಾರಕ್ಕೊಮ್ಮೆ ಸುತ್ತಿ ಬಂದು, ಬೋಲ್ಟು ಸಡಿಲವಾಗಿದ್ದರೆ ನಗರಸಭೆಗೆ ತಿಳಿಸುವುದಷ್ಟೇ ಕೆಲಸ. ರಿಪೇರಿ ಮಾಡುವುದು ನಗರಸಭೆಯೇ. ನಮ್ಮಲ್ಲೂ ಒಂದೊಂದು ಪಾರ್ಕಿಗೆ ಇಬ್ಬರು ಹೀಗೆ ನಿಂತರೆ ತುಕ್ಕು ಮಗುವಿನ ಕಾಲಿಗೆ ತಗಲುವ ಮೊದಲೇ ಕಣ್ಣಿಗೆ ಬೀಳುತ್ತದೆ.

ಪಿಯುಸಿ ಹುಡುಗ

ನಾವು ಮುಖ್ಯರಸ್ತೆಯಲ್ಲಿ ಆಡುವ ಹುಡುಗರು. ಹದಿನಾಲ್ಕು ಜನ ಇದ್ದೇವೆ. ಬೈಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ನಮ್ಮನ್ನು ಯಾರೂ ಕರೆದಿಲ್ಲ. ಗಾಜು ಆರಿಸುವುದು, ಮಣ್ಣು ಜರಡಿ ಹಿಡಿಯುವುದು ನಮಗೆ ಬಿಡಿ. ವಾಕಿಂಗ್ ಅಂಕಲ್ ಕನ್ನಡಕ ಒಡೆದದ್ದು ನಮ್ಮ ಚೆಂಡೇ, ಆವತ್ತು ಹೆದರಿ ಓಡಿಹೋದೆವು. ಕ್ಷಮಿಸಿ ಅಂಕಲ್.

ರಾತ್ರಿ ಎಂಟರ ಮೇಲೆ ಯಾರು ನೋಡಿಕೊಳ್ಳುತ್ತಾರೆ ಅಂದಿರಿ. ದೀಪ ಹಾಕಿಸಿದರೆ ನಾವು ಒಂಬತ್ತೂವರೆವರೆಗೂ ವಾಲಿಬಾಲ್ ಆಡುತ್ತೇವೆ. ನಾವಿದ್ದರೆ ಕುಡಿಯುವವರು ಬರುವುದಿಲ್ಲ. ಹೋದ ವರ್ಷ ಗಣಪತಿ ಪೆಂಡಾಲ್ ದೀಪ ಇದ್ದ ಹನ್ನೊಂದು ದಿನ ಒಬ್ಬರೂ ಬರಲಿಲ್ಲ.

ಬೆಳಗಿನ ವಾಯುವಿಹಾರಿ

ಕನ್ನಡಕ ಹೋಗಲಿ ಬಿಡಪ್ಪ. ಬಂದು ಹೇಳಿದೆಯಲ್ಲ, ಸಾಕು. ಭಾನುವಾರ ಎಲ್ಲರಿಗೂ ಇಡ್ಲಿ ನಮ್ಮ ಮನೆಯಿಂದ. ಮೈದಾನಕ್ಕೆ ದೀಪ ಹಾಕಿಸುವ ಖರ್ಚು ಎಷ್ಟು ಅಂತ ವಿಚಾರಿಸುತ್ತೇನೆ. ಪಾರ್ಕಿಗೆ ಮಾತ್ರ ರಾತ್ರಿ ಬೀಗ ಇರಲಿ. ಮಧ್ಯಾಹ್ನ ತೆರೆದಿರಲಿ, ಬುತ್ತಿಯ ಮಾತು ಕೇಳಿದ ಮೇಲೆ ಬೇಡ ಅನ್ನಲಾರೆ.

ನಿವೃತ್ತ ಭೂಮಾಪಕ

ಆರು ವಾರದ ಮೇಲೆ ಬರೆಯುತ್ತಿದ್ದೇನೆ. ಎರಡೂ ಅರ್ಜಿಗೆ ಉತ್ತರ ಬಂತು. ಮೂರು ಪಾರ್ಕಿನಲ್ಲಿ ಎರಡಕ್ಕೆ ಪರಿತ್ಯಾಜನಾ ಪತ್ರ ನೋಂದಣಿಯಾಗಿದೆ. ಮೂರನೆಯ ಪಾರ್ಕು ಮತ್ತು ಮೈದಾನಕ್ಕೆ ಆಗಿಲ್ಲ. ಹದ್ದುಬಸ್ತಿನಲ್ಲಿ ಮೈದಾನದ ಪಶ್ಚಿಮಕ್ಕೆ ನಾಲ್ಕೂವರೆ ಅಡಿ ಒಳಗೆ ಬಂದ ಬೇಲಿ ಸಿಕ್ಕಿತು. ಆ ಮನೆಯವರಿಗೆ ನಕ್ಷೆ ತೋರಿಸಿದೆವು, ಅವರು ಕೊಂಡಾಗಲೇ ಬೇಲಿ ಹಾಗಿತ್ತಂತೆ. ಕಲ್ಲು ನೆಟ್ಟುಕೊಡಿ, ನಾವೇ ಹಿಂದೆ ಸರಿಸುತ್ತೇವೆ ಅಂದರು. ಜಗಳಕ್ಕೆ ಸಿದ್ಧನಾಗಿ ಹೋದ ನನಗೆ ಮಾತೇ ಹೊರಡಲಿಲ್ಲ.

ಪತ್ರ ಆಗದ ಮೈದಾನವನ್ನು ಸಮುದಾಯ ಭವನ ಮಾಡೋಣ ಎಂದು ಕೆಲವರು ಓಡಾಡುತ್ತಿದ್ದಾರೆ ಅಂತ ಕೇಳಿದ್ದೇನೆ. ಅವರಿಗೆ ಬೆಂಗಳೂರಿನ ಒಂದು ಪ್ರಕರಣ ಹೇಳಬೇಕು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆಂದು ಇಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಖಾಸಗಿಯವರಿಗೆ ಕೊಡಲಾಗಿತ್ತು. ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ನಿಲ್ಲುವುದಿಲ್ಲ ಎಂದಿತು. ಆಸ್ಪತ್ರೆಯಂಥ ಒಳ್ಳೆಯ ಉದ್ದೇಶಕ್ಕೂ ಪಾರ್ಕಿನ ಜಾಗ ಸಲ್ಲದು ಅಂದಮೇಲೆ ಸಮುದಾಯ ಭವನಕ್ಕೆ ಸಲ್ಲುತ್ತದೆಯೇ? ನಮ್ಮಲ್ಲಿ 1985ರ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯೇ ಇದೆ. ಮೈದಾನದ ಹೆಸರು ಆ ಕಾಯ್ದೆಯ ಪಟ್ಟಿಗೆ ಸೇರುವವರೆಗೂ ನಾನು ಬಿಡುವುದಿಲ್ಲ.

ಮೈಸೂರಿನವರಾಗಿ ನಮಗೆ ಇದು ಇನ್ನೂ ಹೆಚ್ಚು ಚುಚ್ಚಬೇಕು. ಪ್ಲೇಗಿನಲ್ಲಿ ಜನ ಸತ್ತ ಮೇಲೆ ಗಾಳಿ ಬೆಳಕಿನ ಬಡಾವಣೆ ಬೇಕು ಅಂತ 1903ರಲ್ಲೇ ನಗರಾಭಿವೃದ್ಧಿ ಟ್ರಸ್ಟ್ ಬೋರ್ಡ್ ಮಾಡಿಕೊಂಡ ಊರು ಇದು.

ಇಬ್ಬರು ಹೆಣ್ಣುಮಕ್ಕಳ ತಾಯಿ

ಪತ್ರ ಆಗುವವರೆಗೆ ಮೈದಾನದಲ್ಲಿ ಕಾಯಂ ಕಟ್ಟಡವೇನೂ ಬೇಡ ಅನ್ನಿಸುತ್ತದೆ. ಸುಣ್ಣದ ಗೆರೆ ಎಳೆಯುವುದಕ್ಕೆ ಯಾರ ಅಪ್ಪಣೆಯೂ ಬೇಡವಲ್ಲ? ಪ್ರತಿದಿನ ಮಕ್ಕಳು ಅಲ್ಲಿ ಆಡುತ್ತಿದ್ದರೆ ಅದನ್ನು ಖಾಲಿ ಜಾಗ ಅಂತ ಯಾರೂ ಕರೆಯಲಾರರು.

ದೈಹಿಕ ಶಿಕ್ಷಕ, ಹನ್ನೊಂದನೇ ಮುಖ್ಯರಸ್ತೆ

ನಿನ್ನೆ ಎಳೆದಾಯಿತಮ್ಮ. ಖೋ ಖೋ ಅಂಕಣ, 27ಕ್ಕೆ 16, ಎರಡು ಕಂಬ ನಿಲ್ಲಿಸಿದ್ದೇವೆ. ಹುಡುಗರು ಮೂರು ಭಾನುವಾರ ಜರಡಿ ಹಿಡಿದು ಎರಡು ಗೋಣಿಚೀಲ ಗಾಜು ತೆಗೆದರು. ಸಂಜೆ ಐದಕ್ಕೆ ಹೆಣ್ಣುಮಕ್ಕಳಿಗೆ, ಆರರಿಂದ ಹುಡುಗರಿಗೆ. ಮೊದಲ ದಿನ ಏಳು ಹುಡುಗಿಯರು ಬಂದರು. ಒಂದು ಕಡೆಗೆ ಒಂಬತ್ತು ಜನ ಬೇಕು. ನಿಮ್ಮ ದೊಡ್ಡವಳನ್ನು ಕಳಿಸಿ.

ಮಾಲಿಯ ಮಗ

ಟ್ಯಾಂಕ್ ಪಕ್ಕದ ಪಾರ್ಕಿನ ಗೇಟ್‌ವಾಲ್ವ್ ಸಿಕ್ಕಿತು. ಅಪ್ಪ ಹೇಳಿದ ಜಾಗದಿಂದ ಎರಡು ಗೇಣು ಆಚೆ ಇತ್ತು. ಪೈಪಿನಲ್ಲಿ ಎರಡು ಕಡೆ ಒಡಕಿತ್ತು, ಜೋಡಿಸಿದ್ದೇನೆ. ಮೋಟರ್ ಸುಟ್ಟಿದೆ, ರೀವೈಂಡಿಂಗ್‌ಗೆ ಕೊಟ್ಟಿದೆ. ಅಪ್ಪನನ್ನು ಬೈಕಿನಲ್ಲಿ ಕರೆತಂದಿದ್ದೆ. ಈಗ ಅವರಿಗೆ ಸರಿಯಾಗಿ ಕಾಣುವುದಿಲ್ಲ, ಹೊಂಗೆಯ ಬುಡ ತಬ್ಬಿಕೊಂಡು ಎಷ್ಟು ದಪ್ಪವಾಗಿದೆ ಅಂತ ಕೈಯಲ್ಲಿ ಅಳೆದರು.

ಎಂಟನೇ ಕ್ರಾಸ್ ಅಜ್ಜಿ

ಹರಿದ ಜಾರುಬಂಡೆಯನ್ನು ಕಿತ್ತು ಗುಜರಿಗೆ ಹಾಕಿಸಿದೆ. ಹೊಸದು ಬರುವವರೆಗೆ ಆ ಜಾಗ ಖಾಲಿಯೇ ಇರಲಿ. ಉಯ್ಯಾಲೆಗೆ ಹಲಗೆ ಬಂತು, ಕೆಳಗೆ ಒಂದಡಿ ಆಳಕ್ಕೆ ಗುಂಡಿ ತೋಡಿದ್ದಾರೆ. ಮಾಲಿಗೆ ಮನೆಗೆ ತಿಂಗಳಿಗೆ ಇನ್ನೂರರಂತೆ ನಲವತ್ತೊಂದು ಮನೆಯವರು ಒಪ್ಪಿದ್ದಾರೆ. ಇನ್ನೂ ಬೇಕು, ಹದಿನಾಲ್ಕನೇ ಕ್ರಾಸಿನ ಕಡೆ ನಾಳೆ ಹೋಗುತ್ತೇನೆ, ಜೊತೆಗೆ ಒಬ್ಬರು ಬನ್ನಿ. ಮೂರನೇ ಪಾರ್ಕಿನ ಪತ್ರಕ್ಕಾಗಿ ಸೊಸೈಟಿಗೆ ಬರೆದ ಕಾಗದಕ್ಕೆ ಉತ್ತರ ಬಂದಿಲ್ಲ, ಸೋಮವಾರ ಖುದ್ದು ಹೋಗುತ್ತೇವೆ.

ತೊಳೆದ ಮರಳಿನ ಲೋಡು ಶನಿವಾರ ಬೆಳಿಗ್ಗೆ ಏಳಕ್ಕೆ ಬರುತ್ತದೆ. ಲಾರಿ ಗೇಟಿನೊಳಗೆ ಹಿಡಿಸುವುದಿಲ್ಲ, ರಸ್ತೆಯಿಂದ ಬಾಣಲಿಯಲ್ಲಿ ಹೊರಬೇಕು. ಸಲಿಕೆ ಇದ್ದವರು ಸಲಿಕೆ ತನ್ನಿ.